ಕೌದಿ ಕಟ್ಟಿಕೊಂಡು ಜಾಝ್ ಹಾಡಿದ್ದು

ಧಾರವಾಡದಲ್ಲಿ ನನಗೆ ಹಿಂದೂಸ್ತಾನಿ ಹಾಡು ಕಲಿಸಿದ ಗುರುಗಳಿಗೆ ಮೈಕ್ ಅಂದರೆ ಆಗುತ್ತಿರಲಿಲ್ಲ. ಕೊನೇ ಸಾಲಿನಲ್ಲಿ ಕೂತವನಿಗೂ ಕೇಳುವ ಹಾಗೆ ಹಾಡು ಅನ್ನುತ್ತಿದ್ದರು. ಬೆಳಗಿನ ಜಾವ ಎದ್ದು ಮಂದ್ರದ, ಅಂದರೆ ಕೆಳಗಿನ ಸಪ್ತಕದ, ಸಾ ಹಿಡಿದು ಕೂರಬೇಕು. ಹೊಟ್ಟೆಯಿಂದ ‘ಆ’ ಅನ್ನುವ ಆಕಾರ ತೆಗೆಯಬೇಕು. ಬಾಯಿ ಪೂರ್ತಿ ತೆರೆಯಬೇಕು. ಹನ್ನೊಂದು ವರ್ಷ ಇದನ್ನೇ ಮಾಡಿದೆ. ಆಮೇಲೆ ಮದುವೆ, ವೀಸಾ, ನ್ಯೂಜೆರ್ಸಿ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ತಂಬೂರಿ ತವರಿನಲ್ಲೇ ಉಳಿಯಿತು.

ಒಂದು ಚಳಿಗಾಲದ ರಾತ್ರಿ ಆಫೀಸಿನಲ್ಲಿ ರಿಲೀಸ್ ಮುಗಿಸಿ ಹನ್ನೊಂದೂವರೆಗೆ ಮನೆಗೆ ಹೊರಟಿದ್ದೆ. ನಿದ್ದೆ ಬರದಿರಲಿ ಅಂತ ರೇಡಿಯೋ ತಿರುಗಿಸಿದೆ. 88.3ರಲ್ಲಿ ನ್ಯೂವಾರ್ಕ್‌ನ ಜಾಝ್ ಸ್ಟೇಷನ್ ಬರುತ್ತದೆ. ಒಬ್ಬ ಹೆಂಗಸು ಹಾಡುತ್ತಿದ್ದಳು. ಎಷ್ಟು ನಿಧಾನ ಅಂದರೆ, ಒಂದು ಸಾಲು ಮುಗಿದು ಇನ್ನೊಂದು ಬರುವಷ್ಟರಲ್ಲಿ ನಾನು ಒಂದು ಸಿಗ್ನಲ್ ದಾಟಿದ್ದೆ. ರೇಡಿಯೋ ಕೆಟ್ಟಿತೇನೋ ಅಂತ ಕೈ ಹಾಕಿದೆ. ಅಷ್ಟರಲ್ಲಿ ಒಂದು ಉಸಿರು ಕೇಳಿಸಿತು, ಅದರ ಹಿಂದೆ ಮುಂದಿನ ಮಾತು. ಮನೆ ಮುಂದೆ ಕಾರ್ ನಿಲ್ಲಿಸಿ, ಎಂಜಿನ್ ಆರಿಸದೆ ಕೂತೆ. ಕಣ್ಣಲ್ಲಿ ನೀರು. ಇಂಗ್ಲಿಷ್ ಪದಗಳು ಅರ್ಧ ತಲೆಗೆ ಹೋಗಿರಲಿಲ್ಲ, ಹಾಗಾಗಿ ಹಾಡಿನ ಅರ್ಥಕ್ಕೆ ಅತ್ತೆ ಅನ್ನುವ ಹಾಗೂ ಇರಲಿಲ್ಲ.

ಹಾಡಿದವರು ಅಮೆರಿಕದ ಜಾಝ್ ಗಾಯಕಿ ಶರ್ಲಿ ಹಾರ್ನ್. 1992ರ ‘ಹಿಯರ್ಸ್ ಟು ಲೈಫ್’ ಅನ್ನುವ ಆಲ್ಬಂ. ಹಿಂದೆ ಜಾನಿ ಮ್ಯಾಂಡೆಲ್ ಜೋಡಿಸಿದ ತಂತಿವಾದ್ಯಗಳು. ಅವತ್ತು ನನ್ನನ್ನು ಕಾಡಿದ್ದು ದುಃಖ ಅಲ್ಲ, ಕುತೂಹಲ. ಹನ್ನೊಂದು ವರ್ಷ ಹಾಡು ಕಲಿತವಳು ನಾನು. ಈಕೆ ಏನು ಮಾಡಿದರು ಅಂತ ನನಗೆ ಗೊತ್ತಾಗಲಿಲ್ಲವಲ್ಲ!

ಎದೆ ಕಲಕುವ ತಗ್ಗಿನ ಹೆಣ್ಣುದನಿ ನನಗೇನು ಹೊಸದಲ್ಲ. ಗಂಗೂಬಾಯಿ ಹಾನಗಲ್ ಅವರ ಊರಿನ ಕಡೆಯವಳು ನಾನು. ಟಾನ್ಸಿಲ್ ಆಪರೇಷನ್ ಆದ ಮೇಲೆ ಅವರ ದನಿ ಗಂಡಸಿನ ಹಾಗೆ ಗಡುಸಾಯಿತು ಅನ್ನುವುದು ನಮ್ಮಲ್ಲಿ ಮನೆಮನೆಗೂ ಗೊತ್ತು. ಆದರೆ ಗಂಗೂಬಾಯಿ ಹಾಡಿದರೆ ಆ ದನಿ ಇಡೀ ಸಭೆಯನ್ನು ತುಂಬುತ್ತದೆ. ನೀವು ಸಾವಿರ ಜನರ ನಡುವೆ ಕೂತು ಅಳುತ್ತೀರಿ. ಶರ್ಲಿ ಹಾರ್ನ್ ಹಾಡಿದರೆ ಬೇರೆ ಯಾರೂ ಇಲ್ಲ, ಕಾರಿನಲ್ಲಿ ಇರುವವರು ಇಬ್ಬರೇ.

ಮುಂದಿನ ಕೆಲವು ತಿಂಗಳು ಲೈಬ್ರರಿಯಿಂದ ಸಿಡಿ ತಂದು ಕೇಳಿದೆ. ನಿಜವಾಗಿ ಬಾಗಿಲು ತೆರೆದದ್ದು ಜೂಲಿ ಲಂಡನ್ ಅವರ 1955ರ ರೆಕಾರ್ಡ್, ‘ಜೂಲಿ ಈಸ್ ಹರ್ ನೇಮ್’. ಅದರಲ್ಲಿ ಬಾರ್ನಿ ಕೆಸೆಲ್ ಅವರ ಗಿಟಾರ್, ರೇ ಲೆದರ್‌ವುಡ್ ಅವರ ಬಾಸ್, ಇಷ್ಟೇ. ಪಿಯಾನೋ ಇಲ್ಲ, ಡ್ರಮ್ಸ್ ಇಲ್ಲ. ಆಕೆ ನಟಿ. ತನ್ನ ದನಿ ಹೊಲಿಗೆಯ ಬೆರಳುಟೋಪಿಯಲ್ಲಿ ಹಿಡಿಯುವಷ್ಟೇ, ಅದಕ್ಕೇ ಮೈಕಿಗೆ ಅಂಟಿಕೊಂಡು ಹಾಡಬೇಕು ಅಂತ ಆಕೆಯೇ ಹೇಳಿಕೊಂಡಿದ್ದರು. ನಮ್ಮ ಗುರುಗಳು ಕೇಳಿದ್ದರೆ ‘ಇದು ದನಿಯೇನು?’ ಅಂತ ಎದ್ದು ಹೋಗುತ್ತಿದ್ದರು. ನಾನೂ ಮೊದಲ ಸಲ ಹಾಗೇ ಅಂದುಕೊಂಡೆ. ನಾಲ್ಕನೇ ಸಲಕ್ಕೆ ಬಾಯಿ ಮುಚ್ಚಿಕೊಂಡೆ.

ಇಂಥ ಹಾಡಿಕೆ ಮೈಕಿನಿಂದಲೇ ಹುಟ್ಟಿದ್ದು. 1925ಕ್ಕೆ ಮುಂಚೆ ರೆಕಾರ್ಡ್ ಮಾಡುವಾಗ ದೊಡ್ಡ ಕಹಳೆಯೊಳಗೆ ಕೂಗಬೇಕಿತ್ತು. ಕೋಲ್ಕತ್ತದಲ್ಲಿ 1902ರಲ್ಲಿ ಗೌಹರ್ ಜಾನ್ ಹಾಡಿದ್ದೂ ಹಾಗೇ. ಆ ಕಹಳೆಗೆ ಪಿಸುಮಾತು ಕೇಳುತ್ತಿರಲಿಲ್ಲ. ವಿದ್ಯುತ್ ಮೈಕ್ ಬಂದ ಮೇಲೆ ಸಣ್ಣ ದನಿಗೂ ಬೆಲೆ ಬಂತು. ಅದರ ಜೊತೆಗೆ ಇನ್ನೊಂದು ಗುಟ್ಟಿದೆ. ಒಂದೇ ದಿಕ್ಕಿಗೆ ಕಿವಿಗೊಡುವ ಮೈಕುಗಳಲ್ಲಿ, ಬಾಯಿ ಹತ್ತಿರ ಬಂದಷ್ಟೂ ತಗ್ಗಿನ ಸ್ವರ ಉಬ್ಬುತ್ತದೆ. ಉಸಿರು, ತುಟಿ ಬಿಡಿಸುವ ಸದ್ದು, ನಾಲಿಗೆ ಹಲ್ಲಿಗೆ ತಾಗುವುದು ಎಲ್ಲ ಕೇಳುತ್ತದೆ. ಬದುಕಿನಲ್ಲಿ ನಾವು ಇಂಥ ಸದ್ದನ್ನು ಯಾವಾಗ ಕೇಳುತ್ತೇವೆ ಯೋಚಿಸಿ. ಮಗು ಭುಜದ ಮೇಲೆ ಮಲಗಿದಾಗ. ಕತ್ತಲಲ್ಲಿ ಪಕ್ಕದಲ್ಲಿ ಮಲಗಿದವರು ಮಾತಾಡಿದಾಗ. ಕಾಯಿಲೆಯವರ ಬಾಯಿ ಹತ್ತಿರ ಕಿವಿ ಇಟ್ಟಾಗ. ತಲೆ ‘ಇದು ರೇಡಿಯೋ’ ಅನ್ನುತ್ತಿರುತ್ತದೆ, ಮೈ ಮಾತ್ರ ಅಷ್ಟರಲ್ಲಿ ನಂಬಿಬಿಟ್ಟಿರುತ್ತದೆ.

ಸರಿ, ನಾನೂ ಹಾಡಿ ನೋಡೋಣ ಅನ್ನಿಸಿತು. ಇಲ್ಲಿ ನಮ್ಮೂರಿನ ಕಾಲೇಜಿನಲ್ಲಿ ವಾರಕ್ಕೊಂದು ಸಂಜೆ ಜಾಝ್ ಹಾಡಿನ ಕ್ಲಾಸ್ ಇತ್ತು. ಕಲಿಸುತ್ತಿದ್ದವರು ಎಪ್ಪತ್ತು ದಾಟಿದ ಅಜ್ಜಿ. ಮೊದಲ ದಿನ ಒಂದು ಹಳೆಯ ಹಾಡು ಹಾಡಿದೆ. ಒಳ್ಳೆ ಆಕಾರ, ಸ್ವರದಿಂದ ಸ್ವರಕ್ಕೆ ಜಾರುವ ಎರಡು ಮೀಂಡ್, ಕೊನೆಗೆ ಸರಸರ ಓಡುವ ಒಂದು ಸಣ್ಣ ತಾನವನ್ನೂ ತುರುಕಿದೆ. ಅವರು ನಕ್ಕು, ಕಿಟಕಿ ಗಾಜು ಉಳಿಯಿತಲ್ಲ ಸದ್ಯ ಅಂದರು. ಆಮೇಲೆ ಕೇಳಿದರು, ಇದನ್ನು ಯಾರಿಗೆ ಹೇಳುತ್ತಿದ್ದೀಯ? ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲರಿಗೂ ಹಾಡಿ ಅಭ್ಯಾಸ ನನಗೆ.

ಅವರು ಕೊಟ್ಟ ಮೊದಲ ಕೆಲಸ, ಎರಡು ವಾರ ಹಾಡಲೇ ಬೇಡ. ಪದಗಳನ್ನು ಸುಮ್ನೆ ಮಾತಿನ ಹಾಗೆ ಹೇಳು, ಎದುರಿಗೆ ಒಬ್ಬರೇ ಇದ್ದಾರೆ ಅಂದುಕೊ. ಅಡಿಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಾ ಹೇಳಿಕೊಳ್ಳುತ್ತಿದ್ದೆ. ಮಗಳು ಇಣುಕಿ ನೋಡಿ, ಅಮ್ಮ ಯಾರ ಹತ್ತಿರ ಮಾತಾಡ್ತಿದ್ದಾಳೆ ಅಂತ ಅಪ್ಪನನ್ನು ಕೇಳಿದಳು.

ಆಮೇಲೆ ಶ್ರುತಿ ಇಳಿಸಿದರು. ನಾನು ಕಪ್ಪು ನಾಲ್ಕರಲ್ಲಿ, ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯನ್ನು ಸಾ ಮಾಡಿಕೊಂಡು ಹಾಡುವವಳು, ಮೇಲಿನ ತಾರ ಸಪ್ತಕದ ಕಡೆಗೇ ಓಡುವವಳು. ಇಲ್ಲಿ ಹಾಡಿನ ಬಹುಪಾಲು ನನ್ನ ಮಧ್ಯ ಸಾ ಸುತ್ತಮುತ್ತ, ಅಲ್ಲಲ್ಲಿ ಮಂದ್ರದ ಧೈವತದವರೆಗೆ. ಅಂದರೆ ನಾನು ಮಾತಾಡುವ ಎತ್ತರದಲ್ಲೇ. ಆ ಜಾಗದಲ್ಲಿ ಗಂಟಲಿಗೆ ಕಸರತ್ತಿಲ್ಲ, ಹಾಗಾಗಿ ಅಡಗಿಕೊಳ್ಳಲು ಜಾಗವೂ ಇಲ್ಲ. ಕಷ್ಟವಾಗಿದ್ದು ಸ್ವರ ಅಲುಗಿಸದೆ ಬಿಡುವುದು. ಜಾಝ್ ಹಾಡುವವರು ಸ್ವರವನ್ನು ನೇರವಾಗಿ, ನಿಶ್ಚಲವಾಗಿ ಇಟ್ಟು, ಬಾಲದಲ್ಲಿ ಮಾತ್ರ ಒಂಚೂರು ನಡುಗಿಸುತ್ತಾರೆ. ನಮ್ಮ ಗಂಟಲು ಎರಡು ಸ್ವರ ಸಿಕ್ಕರೆ ಸಾಕು, ನಡುವೆ ಜಾರುಬಂಡೆ ಕಟ್ಟುತ್ತದೆ.

ವ್ಯಂಜನದ ವಿಷಯವೂ ಹೊಸದು. ನಮ್ಮಲ್ಲಿ ಉದ್ದ ಎಳೆಯುವುದೆಲ್ಲ ಸ್ವರಾಕ್ಷರ, ಅ, ಈ, ಊ. ಇವರು ಮ್, ನ್, ಲ್ ಮೇಲೆ ನಿಲ್ಲುತ್ತಾರೆ. ಪದದ ಕೊನೆಯ ಮ್ ಅನ್ನು ತುಟಿ ಮುಚ್ಚಿ ಎರಡು ಮಾತ್ರೆ ಹಿಡಿದರೆ ಅದು ಎದೆಯ ಗೂಡಿನಲ್ಲಿ ಗುಂಯ್‌ಗುಡುತ್ತದೆ. ಮೈಕ್ ಹತ್ತಿರ ಇದ್ದರೆ ಕೇಳುವವರ ಎದೆಯಲ್ಲೂ.

ತಾಳದಲ್ಲಿ ನಾನು ಗೆಲ್ಲುತ್ತೇನೆ ಅಂತ ನಂಬಿದ್ದೆ. ವಿಲಂಬಿತ್, ಅಂದರೆ ನಿಧಾನಗತಿಯ, ಏಕತಾಳದ 12 ಮಾತ್ರೆಯಲ್ಲಿ ತೇಲಿದವಳಿಗೆ ನಾಲ್ಕು ಬೀಟ್ ಯಾವ ಲೆಕ್ಕ? ಆದರೆ ನಾವು ಎಷ್ಟೇ ಅಲೆದಾಡಿದರೂ ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಸರಿಯಾಗಿ ಬಂದು ಬೀಳುತ್ತೇವೆ. ಅಲ್ಲೇ ಸಭೆ ‘ವಾಹ್’ ಅನ್ನುವುದು. ಇಲ್ಲಿ ಸಮ ಬಂದು ಹೋಗುತ್ತದೆ, ಹಾಡುವವರು ಇನ್ನೂ ಬಂದಿರುವುದಿಲ್ಲ. ಒಂದು ಚಿಟಿಕೆ ತಡವಾಗಿ, ಹೇಳಲೋ ಬೇಡವೋ ಅನ್ನುವ ಹಾಗೆ, ಪದ ಬೀಳುತ್ತದೆ. ಆ ತಡಕ್ಕೆ ಲೆಕ್ಕ ಇಲ್ಲ. ಲೆಕ್ಕ ಹಾಕಿದರೆ ಕೆಟ್ಟಿತು. ಶರ್ಲಿ ಹಾರ್ನ್ ಇದನ್ನು ಅಷ್ಟು ಧೈರ್ಯವಾಗಿ ಮಾಡಲು ಒಂದು ಕಾರಣ, ಪಿಯಾನೋ ಅವರದೇ. ಹಾಡುವ ಬಾಯಿ, ನುಡಿಸುವ ಕೈ ಒಬ್ಬರದೇ ಆದಾಗ ಯಾರನ್ನೋ ಕಾಯಿಸಿದೆ ಅನ್ನುವ ಅಂಜಿಕೆ ಇರುವುದಿಲ್ಲ. ಮೈಲ್ಸ್ ಡೇವಿಸ್ ಅಂಥವರು ಅವರನ್ನು ಮೆಚ್ಚಿ, 1991ರಲ್ಲಿ ಬಂದ ಅವರ ಆಲ್ಬಂ ಒಂದರಲ್ಲಿ ಟ್ರಂಪೆಟ್ ನುಡಿಸಿದ್ದು ಸುಮ್ನೆ ಅಲ್ಲ. ಯಾವಾಗ ಸುಮ್ಮನಿರಬೇಕು ಅಂತ ಆತನಿಗೂ ಗೊತ್ತಿತ್ತು.

ಎರಡು ವರ್ಷ ಕಲಿತ ಮೇಲೆ ಒಂದು ಹಾಡನ್ನು ಮನೆಯಲ್ಲೇ ರೆಕಾರ್ಡ್ ಮಾಡುವ ಹುಚ್ಚು ಹಿಡಿಯಿತು. ಗಿಟಾರಿಗೆ ನಮ್ಮ ಕ್ಲಾಸಿನ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಒಪ್ಪಿದರು. ಬೆಡ್‌ರೂಮಿಗೆ ಅಂಟಿದ, ಬಟ್ಟೆ ಇಡುವ ಕೋಣೆಯೇ ಸ್ಟುಡಿಯೋ. ಚಳಿಗಾಲದ ಕೋಟುಗಳು ಮೂರು ಕಡೆ ಸದ್ದು ಹೀರುತ್ತವೆ. ರೇಷ್ಮೆ ಸೀರೆಗಳು ಏನೂ ಪ್ರಯೋಜನವಿಲ್ಲ, ಸರಸರ ಅನ್ನುತ್ತವೆ, ಹೊರಗೆ ಹಾಕಿದೆ. ನಾಲ್ಕನೇ ಕಡೆಗೆ ನಮ್ಮಜ್ಜಿ ಹೊಲಿದ ಕೌದಿ ತೂಗುಹಾಕಿದೆ. ಹಳೇ ಸೀರೆ, ಧೋತರ ಪದರ ಪದರವಾಗಿ ಹಾಕಿ ಹೊಲಿದದ್ದು. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದಿದ್ದ ಫೋಮಿಗಿಂತ ಅದೇ ಚೆನ್ನಾಗಿ ಕೆಲಸ ಮಾಡಿತು.

ಹತ್ತಿರದಿಂದ ಹಾಡಿದರೆ ಪ, ಬ ಬಂದಾಗಲೆಲ್ಲ ಗಾಳಿ ಮೈಕಿಗೆ ಬಡಿದು ಢಬ್ ಅನ್ನುತ್ತದೆ. ಕಸೂತಿ ಹಾಕುವ ಮರದ ರಿಂಗಿಗೆ ಹಳೇ ನೈಲಾನ್ ಕಾಲುಚೀಲ ಬಿಗಿದು ಅಡ್ಡ ಹಿಡಿದೆ. ಸಾಲದ್ದಕ್ಕೆ ಬಾಯನ್ನು ಮೈಕಿನ ಮಧ್ಯಕ್ಕೆ ಇಡದೆ ಸ್ವಲ್ಪ ಪಕ್ಕಕ್ಕೆ ಸರಿಸಿದೆ. ದೂರ ಒಂದು ಗೇಣಿಗಿಂತ ಕಡಿಮೆ. ಇನ್ನೂ ಹತ್ತಿರ ಹೋದಾಗ ದನಿ ಜೇನಿನ ಹಾಗೆ ದಪ್ಪವಾಯಿತು, ಪದಗಳು ಅದರೊಳಗೆ ಮುಳುಗಿದವು. ಫ್ರಿಜ್ ಪ್ಲಗ್ ಕಿತ್ತೆ. ಮತ್ತೆ ಹಾಕಲು ಮರೆತೆ, ಎರಡು ಡಬ್ಬಿ ಐಸ್‌ಕ್ರೀಮ್ ನೀರಾಯಿತು. ಹೀಟರಿನ ಸದ್ದು ಮೈಕಿಗೆ ಬರುತ್ತಿತ್ತು, ಅದನ್ನೂ ಆರಿಸಿದೆ. ಫೆಬ್ರವರಿ ತಿಂಗಳು. ಕೋಟುಗಳೆಲ್ಲ ಗೋಡೆಗೆ, ನಾನು ಸ್ವೆಟರಿನಲ್ಲಿ.

ಮೊದಲು ಗಿಟಾರ್ ಬೇರೆ, ಹಾಡು ಬೇರೆ ರೆಕಾರ್ಡ್ ಮಾಡಿದೆವು. ಹೆಡ್‌ಫೋನಿನಲ್ಲಿ ಗಿಟಾರ್ ಕೇಳುತ್ತಾ ಹಾಡಿದೆ. ನೆಟ್ಟಗೆ ಬಂತು, ಸತ್ತ ಹಾಗಿತ್ತು. ನಾನು ತಡ ಮಾಡಿದರೆ ಕಾಯಲು ಅಲ್ಲಿ ಯಾರೂ ಇಲ್ಲವಲ್ಲ. ಆ ಹಳೆಯ ರೆಕಾರ್ಡುಗಳಲ್ಲಿ ಹೆಚ್ಚಾಗಿ ಎಲ್ಲರೂ ಒಟ್ಟಿಗೆ ಕೂತೇ ನುಡಿಸಿದ್ದು. ನಾವೂ ಬಾಗಿಲು ಅರ್ಧ ತೆರೆದು, ಅವರು ಮಂಚದ ಮೇಲೆ, ನಾನು ಕೌದಿಯ ಹಿಂದೆ ಕೂತು ಹಾಡಿದೆವು. ಗಿಟಾರ್ ನನ್ನ ಮೈಕಿಗೂ ಸೋರಿತು. ಸೋರಲಿ ಅಂತ ಬಿಟ್ಟೆ. ನಿಮಿಷಕ್ಕೆ 54 ಬೀಟ್, ನಾಲ್ಕು ಬೀಟಿಗೆ ಒಂದು ಬಾರ್, ಎಂಟೆಂಟು ಬಾರಿನ ನಾಲ್ಕು ತುಂಡು. ಒಂದು ಸುತ್ತಿಗೇ ಎರಡು ನಿಮಿಷ ದಾಟುತ್ತದೆ. ಆ ವೇಗದಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳುತ್ತೀರಿ ಅನ್ನುವುದೇ ಅರ್ಧ ಹಾಡು. ಶಾಸ್ತ್ರೀಯದಲ್ಲಿ ಉಸಿರನ್ನು ಕದ್ದು ತೆಗೆಯುವುದು ಕಲಿತಿದ್ದೆ. ಇಲ್ಲಿ ಕೇಳುವ ಹಾಗೆ ತೆಗೆಯಬೇಕು, ಆದರೆ ತೋರಿಸಲಿಕ್ಕೆ ಅಲ್ಲ. ಈಗ ಕಾಫಿ ಅಂಗಡಿಗಳಲ್ಲಿ ಹಾಕುವ ‘ಮೆಲುದನಿ ಜಾಝ್’ ನನಗೆ ಸೇರದಿರುವುದು ಇದಕ್ಕೇ. ಅಲ್ಲಿ ಉಸಿರೇ ಜಾಸ್ತಿ, ಹೇಳುವ ಮಾತು ಇಲ್ಲ. ಕ್ರೀಮ್ ಹಚ್ಚಿದ ಹಾಗೆ ಉಸಿರು ಹಚ್ಚುತ್ತಾರೆ.

ಮೆಲ್ಲಗೆ ಹಾಡುವುದು ದನಿ ಇಲ್ಲದವರ ಉಪಾಯ ಅಂತ ಯಾರಾದರೂ ಅಂದರೆ ನಾನು ಸಾರಾ ವಾನ್ ಅವರ 1961ರ ‘ಆಫ್ಟರ್ ಅವರ್ಸ್’ ಕೇಳಿಸುತ್ತೇನೆ. ನಮ್ಮ ಪಕ್ಕದ ನ್ಯೂವಾರ್ಕ್‌ನಲ್ಲೇ ಹುಟ್ಟಿದವರು, ಚರ್ಚಿನಲ್ಲಿ ಹಾಡಿ ಬೆಳೆದವರು. ಒಪೆರಾಕ್ಕೂ ಸಾಲುವ ಗಂಟಲು. ಆ ರೆಕಾರ್ಡಿನಲ್ಲಿ ಮಂಡೆಲ್ ಲೋ ಅವರ ಗಿಟಾರ್, ಜಾರ್ಜ್ ಡುವಿವಿಯೆ ಅವರ ಬಾಸ್ ಎರಡೇ. ಅಷ್ಟು ದೊಡ್ಡ ದನಿಯನ್ನು ಆಕೆ ಬೊಗಸೆಯಲ್ಲಿ ಹಿಡಿದಿಟ್ಟಿದ್ದಾರೆ. ಚೆಲ್ಲಬಹುದಿತ್ತು, ಚೆಲ್ಲಲಿಲ್ಲ ಅನ್ನುವುದು ನಮಗೆ ಕೇಳುತ್ತಲೇ ಇರುತ್ತದೆ.

ಹದಿನೇಳು ಸಲ ಹಾಡಿದೆ. ಹದಿಮೂರನೆಯದರಲ್ಲಿ ಒಂದು ಸ್ವರ ಕೂದಲೆಳೆ ಇಳಿದಿತ್ತು, ಒಂದು ಪದದಲ್ಲಿ ದನಿ ಒಡೆದಿತ್ತು. ಹದಿನಾರನೆಯದು ಶ್ರುತಿಶುದ್ಧ. ಎರಡನ್ನೂ ಒಂದು ವಾರ ಕೇಳಿದೆ. ಆಗ ನೆನಪಾದದ್ದು ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರ ‘ಲೇಡಿ ಇನ್ ಸ್ಯಾಟಿನ್’. 1958ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಹಾಡಿದ್ದು. ಆಕೆಗೆ ಆಗ 42, ದನಿ ಮಾತ್ರ ಎಪ್ಪತ್ತರವರದು. ಹೆರಾಯಿನ್, ಮದ್ಯ, ಜೈಲು ಎಲ್ಲ ಸೇರಿ ಆ ಗಂಟಲನ್ನು ಸವೆಸಿದ್ದವು. ವಾದ್ಯ ಜೋಡಿಸಿದ ರೇ ಎಲಿಸ್‌ಗೆ ಸ್ಟುಡಿಯೋದಲ್ಲಿ ಅದು ಹಿಡಿಸಲೇ ಇಲ್ಲ. ಕೆಲವು ವಾರಗಳ ಮೇಲೆ ಪೂರ್ತಿ ಮಿಕ್ಸ್ ಕೇಳಿದಾಗ, ತಾನು ಬರೀ ಸಂಗೀತದ ಕಿವಿಯಿಂದ ಕೇಳಿದ್ದೆ ಅಂತ ಅವರೇ ಒಪ್ಪಿಕೊಂಡರು. ಮರುವರ್ಷ ಜುಲೈನಲ್ಲಿ, 44ಕ್ಕೆ, ಆಕೆ ತೀರಿಕೊಂಡರು. ಆ ರೆಕಾರ್ಡನ್ನು ನಾನು ವರ್ಷಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಕೇಳಲಾರೆ. ನನ್ನ ಒಡಕು ಅದರ ಹತ್ತಿರವೂ ಸುಳಿಯುವುದಿಲ್ಲ, ಅದು ಚಳಿಗೆ ಬಂದ ಒಡಕು. ಆದರೂ ಹದಿಮೂರನೆಯದನ್ನೇ ಇಟ್ಟುಕೊಂಡೆ. ಅದರಲ್ಲಿ ನಾನು ಯಾರಿಗೋ ಹೇಳುತ್ತಿದ್ದೆ. ಹದಿನಾರರಲ್ಲಿ ಹಾಡುತ್ತಿದ್ದೆ, ಅಷ್ಟೆ.

ಮೂರು ವಾರ ಬಿಟ್ಟು ಧಾರವಾಡಕ್ಕೆ ಕಳಿಸಿದೆ. ಅವ್ವ ಫೋನನ್ನು ಕಟ್ಟೆ ಮೇಲಿಟ್ಟು ಕೇಳಿದ್ದಾಳೆ, ಪಕ್ಕದಲ್ಲಿ ಕುಕ್ಕರ್. ಸಂಜೆ ಫೋನ್ ಬಂತು.

“ಯಾಕವಾ, ಇಷ್ಟ ಮೆತ್ತಗ ಹಾಡೀದಿ? ಬಾಜೂ ಮನಿಯವ್ರು ಬೈತಾರೇನು?”

ಫೋನಿನ ಸ್ಪೀಕರಿನಲ್ಲಿ ತಗ್ಗಿನ ಸ್ವರ ಬರುವುದೇ ಇಲ್ಲ, ನಾನು ಅಷ್ಟು ಹತ್ತಿರ ಕೂತು ಹಾಡಿದ್ದೆಲ್ಲ ದಂಡ. ತಮ್ಮನಿಗೆ ಹೇಳಿ ಅವಳ ಕಿವಿಗೆ ಇಯರ್‌ಫೋನ್ ಹಾಕಿಸಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೇಳು ಅಂದೆ. ಮರುದಿನ ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಮತ್ತೆ ಫೋನ್. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

“ಮೂಗು ಕಟ್ಟೇತಲ್ಲ ನಿಂದು. ನೆಗಡಿ ಆಗೇತೇನು?”