ಹತ್ತಿ ಕಟ್ಟಿಗೆಯ ಇದ್ದಿಲು, ಅದರ ಲೆಕ್ಕ: ನನ್ನ ಅನುಭವ

ರಾಯಚೂರು ಜಿಲ್ಲೆಯಲ್ಲಿ ಹತ್ತಿ ಬಿಡಿಸಿ ಮುಗಿದ ಮೇಲೆ ಉಳಿಯುವ ಕಟ್ಟಿಗೆಯನ್ನು ಅನೇಕ ರೈತರು ಬದುವಿನ ಬಳಿ ರಾಶಿ ಹಾಕಿ ಸುಟ್ಟುಬಿಡುತ್ತಾರೆ. ಅದನ್ನೇ ಕಡಿಮೆ ಗಾಳಿಯಲ್ಲಿ ಸುಟ್ಟು ಬಯೋಚಾರ್, ಅಂದರೆ ಮಣ್ಣಿಗೆಂದೇ ಮಾಡುವ ಇದ್ದಿಲು, ಮಾಡಿ ಹೊಲಕ್ಕೆ ಸೇರಿಸಿದರೆ, ಗಿಡವು ಗಾಳಿಯಿಂದ ಹೀರಿದ ಇಂಗಾಲದ ಒಂದು ಪಾಲು ನೂರಾರು ವರ್ಷ ಅಲ್ಲೇ ಉಳಿಯುತ್ತದೆ. ಹಾಗೆ ಉಳಿದದ್ದನ್ನು ಕಾರ್ಬನ್ ಕ್ರೆಡಿಟ್ ಆಗಿ, ಅಂದರೆ ತಮ್ಮ ಹೊರಸೂಸುವಿಕೆಯನ್ನು ಸರಿದೂಗಿಸಲು ಕಂಪನಿಗಳು ಟನ್ ಲೆಕ್ಕದಲ್ಲಿ ಕೊಳ್ಳುವ ಪ್ರಮಾಣಪತ್ರವಾಗಿ, ಮಾರಬಹುದು. ಇಂಥ ಯೋಜನೆಯೊಂದರಲ್ಲಿ ಅಳತೆ ಮತ್ತು ದಾಖಲೆಯ ಹೊಣೆ ನನ್ನದು. ಇದ್ದಿಲು ಸುಡುವುದು ಒಂದೇ ಹಂಗಾಮಿನಲ್ಲಿ ಕೈಗೆ ಹತ್ತುವ ಕೆಲಸ. ಸುಟ್ಟದ್ದೆಷ್ಟು ಎಂಬುದನ್ನು ಆ ಹೊಲವನ್ನೇ ನೋಡದ ಖರೀದಿದಾರ ನಂಬುವಂತೆ ತೋರಿಸುವುದು ಅಷ್ಟು ಸುಲಭವಲ್ಲ.

ಯಾವ ಕಟ್ಟಿಗೆಯನ್ನು ಮುಟ್ಟಬಾರದು ಎಂಬುದನ್ನು ಮೊದಲು ತೀರ್ಮಾನಿಸಿದೆವು. ತೊಗರಿ ಕಟ್ಟಿಗೆ ಈ ಭಾಗದಲ್ಲಿ ಒಲೆಗೆ ಹೋಗುತ್ತದೆ. ಅದನ್ನು ನಾವು ಕೊಂಡರೆ ಮನೆಯವರು ಉರುವಲಿಗೆ ಮರ ಕಡಿಯಬೇಕಾಗುತ್ತದೆ, ಕಾಗದದ ಮೇಲಿನ ಲಾಭ ಅಲ್ಲಿಗೇ ಸೋರಿಹೋಗುತ್ತದೆ. ಹತ್ತಿ ಕಟ್ಟಿಗೆಯಲ್ಲೂ ಉರುವಲಿಗೆಂದು ಎತ್ತಿಟ್ಟದ್ದನ್ನು ಬಿಟ್ಟು, ಸುಟ್ಟುಹೋಗಲಿದ್ದುದನ್ನು ಮಾತ್ರ ತೆಗೆದುಕೊಳ್ಳುತ್ತೇವೆ.

ಅಗಲ ಬಾಯಿಯ ಉಕ್ಕಿನ ಕುಲುಮೆಯಲ್ಲಿ ಕಟ್ಟಿಗೆಯನ್ನು ಪದರ ಪದರವಾಗಿ ಹಾಕುತ್ತೇವೆ. ಕೆಳಗಿನಿಂದ ಏಳುವ ಅನಿಲವನ್ನು ಮೇಲಿನ ಜ್ವಾಲೆ ಸುಡಬೇಕು. ಕಟ್ಟಿಗೆ ಹಸಿಯಿದ್ದರೆ ದಟ್ಟ ಬಿಳಿ ಹೊಗೆ ಏಳುತ್ತದೆ, ಅದರೊಡನೆ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲವೂ ಹೋಗುತ್ತದೆ. ಹೀಗಾಗಿ ತೇವಾಂಶ ಮಾಪಕ ಚುಚ್ಚಿ ನೋಡದೆ ಬೆಂಕಿ ಇಡುವಂತಿಲ್ಲ. ಕೊನೆಗೆ ನೀರು ಸುರಿದು ಆರಿಸಿದ ಇದ್ದಿಲು ತನ್ನ ಒಣ ತೂಕಕ್ಕಿಂತ ಹೆಚ್ಚು ತೂಗುತ್ತದೆ, ಲೆಕ್ಕ ಉಬ್ಬುವುದು ಹೆಚ್ಚಾಗಿ ಇಲ್ಲಿಯೇ. ಗಾತ್ರ ಗೊತ್ತಿರುವ ಡ್ರಮ್ಮಿನಲ್ಲಿ ಅಳೆದು, ಅದರಿಂದ ಮಾದರಿ ತೆಗೆದು, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿದ ತೂಕವನ್ನೇ ಹಿಡಿಯುತ್ತೇವೆ. ಒಣ ಇದ್ದಿಲಿನಲ್ಲಿ ಶೇ 70ರಷ್ಟು ಇಂಗಾಲವಿದ್ದರೆ ಒಂದು ಟನ್ನಿಗೆ ಸುಮಾರು 2.57 ಟನ್ ಇಂಗಾಲದ ಡೈಆಕ್ಸೈಡ್ ಎಂದಾಗುತ್ತದೆ, ಏಕೆಂದರೆ ಇಂಗಾಲದ ತೂಕವನ್ನು 44/12ರಿಂದ (ಇಂಗಾಲದ ಡೈಆಕ್ಸೈಡ್‌ನ ಅಣುತೂಕ 44, ಇಂಗಾಲದ ಪರಮಾಣು ತೂಕ 12) ಗುಣಿಸಬೇಕು. ಅದರಲ್ಲಿ ಮೀಥೇನ್, ಸಾಗಣೆ ಮತ್ತು ಕಾಲಕ್ರಮೇಣ ಕೊಳೆಯುವ ಪಾಲನ್ನು ಕಳೆಯಬೇಕು. ಹೈಡ್ರೋಜನ್ ಮತ್ತು ಸಾವಯವ ಇಂಗಾಲದ ಪರಮಾಣು ಅನುಪಾತ 0.7ಕ್ಕಿಂತ ಕಡಿಮೆ ಇರಬೇಕೆಂದು ಯುರೋಪಿಯನ್ ಬಯೋಚಾರ್ ಸರ್ಟಿಫಿಕೇಟ್ ಎಂಬ ಗುಣಮಟ್ಟದ ಮಾನದಂಡ ಹೇಳುತ್ತದೆ. ಅನುಪಾತ ಇಳಿದಷ್ಟೂ ಮಣ್ಣಿನಲ್ಲಿ ಇದ್ದಿಲಿನ ಬಾಳಿಕೆ ಹೆಚ್ಚು.

ಇದ್ದಿಲು ಇಸ್ತ್ರಿ ಪೆಟ್ಟಿಗೆಗೂ ಆಗುತ್ತದೆ, ಚಹಾದಂಗಡಿಯ ಒಲೆಗೂ ಆಗುತ್ತದೆ. ಅಲ್ಲಿಗೆ ಹೋದರೆ ಎಲ್ಲ ಇಂಗಾಲವೂ ಮತ್ತೆ ಗಾಳಿಗೇ. ಆದ್ದರಿಂದ ಅದನ್ನು ಚೀಲದಲ್ಲಿ ಇಡಲು ಬಿಡದೆ, ತಿಪ್ಪೆ ಗೊಬ್ಬರದೊಂದಿಗೆ ಬೆರೆಸಿ, ಸ್ಥಳ ಮತ್ತು ಸಮಯ ಮುದ್ರಿತವಾಗುವ ಚಿತ್ರ ತೆಗೆಯುತ್ತೇವೆ. ಎರೆ ಹೊಲದ ಕರಿ ಮಣ್ಣಿನಲ್ಲಿ ಕರಿ ಇದ್ದಿಲನ್ನು ಆಮೇಲೆ ಹುಡುಕಿ ತೋರಿಸುವುದು ಕಷ್ಟ. ಬೆರೆಸುವ ಹೊತ್ತಿನ ಚಿತ್ರವೇ ಗಟ್ಟಿ ಸಾಕ್ಷಿ.

ಹಳ್ಳಿಗಳ ಸಂಖ್ಯೆ ಹೆಚ್ಚಿದಂತೆ ಹೊಲಕ್ಕೆ ಹೋಗದೆ ಮನೆಯಲ್ಲಿ ಕೂತು ದಾಖಲೆಯ ನಮೂನೆ ತುಂಬುವ ಆಸೆಯೂ ಹೆಚ್ಚುತ್ತದೆ. ನಮ್ಮ ಲೆಕ್ಕವನ್ನು ತಪಾಸಣೆ ಮಾಡುವ ಹೊರಗಿನ ಪರಿಶೀಲಕರಿಗೆ ಶುಲ್ಕ ಕೊಡುವುದು ಯೋಜನೆಯವರೇ, ಇದು ಈ ವ್ಯವಸ್ಥೆಯ ನಿಜವಾದ ದೌರ್ಬಲ್ಯವೆಂದು ನನ್ನ ಅನಿಸಿಕೆ. ಹೀಗಾಗಿ ರೈತರ ಪೂರ್ತಿ ಪಟ್ಟಿಯನ್ನು ಪರಿಶೀಲಕರ ಕೈಗಿತ್ತು, ಯಾವ ಹೊಲಕ್ಕೆ ಹೋಗಬೇಕೆಂಬುದನ್ನು ಅವರೇ ಆರಿಸುವಂತೆ ಮಾಡಿದ್ದೇವೆ. ಕ್ರೆಡಿಟ್ ಮಂಜೂರಾಗಲು ತಿಂಗಳುಗಳೇ ಬೇಕಾಗುವುದರಿಂದ ಕೂಲಿಯನ್ನು ಕುಲುಮೆ ಆರಿಸಿದ ವಾರವೇ ಕೊಡುತ್ತೇವೆ, ಮತ್ತು ಅದನ್ನು ಇದ್ದಿಲಿನ ತೂಕಕ್ಕಲ್ಲ, ದುಡಿದ ದಿನಕ್ಕೆ ಲೆಕ್ಕ ಹಾಕುತ್ತೇವೆ. ತೂಕಕ್ಕೆ ಕೊಟ್ಟರೆ ಡ್ರಮ್ಮಿಗೆ ಮಣ್ಣು ಬೀಳುತ್ತದೆ.