ಸ್ಟಡ್ ನಾಯಿಯ ಪೇಪರ್ ಓದುವ ಬಗೆ: ದೇಶಕ್ಕೊಂದು ನಿಯಮ

ಹೆಣ್ಣು ನಾಯಿ ಬೆದೆಗೆ ಬಂದ ಮೇಲೆ ಗಂಡು ಹುಡುಕಲು ಹೊರಟವರಿಗೆ ಬಳ್ಳಾರಿಯಲ್ಲಾಗಲಿ, ರಾಯಚೂರಿನಲ್ಲಾಗಲಿ, ಗಂಗಾವತಿಯಲ್ಲಾಗಲಿ ಮೊದಲು ಕೇಳಿಬರುವ ಮಾತು ‘ನಮ್ಮ ನಾಯಿಗೆ ಪೇಪರ್ ಇದೆ, ಇದರ ಅಪ್ಪ ಇಂಪೋರ್ಟ್’ ಎಂಬುದು. ಮಾತು ನಿಜವೇ ಇರಬಹುದು. ಆದರೆ ಆ ಪೇಪರ್, ಅಂದರೆ ವಂಶಾವಳಿಯ ನೋಂದಣಿ ಪತ್ರ, ಯಾವ ದೇಶದ್ದು, ಅದನ್ನು ಕೊಡುವ ಮುನ್ನ ಅಲ್ಲಿನ ಸಂಸ್ಥೆ ನಾಯಿಯಲ್ಲಿ ಏನನ್ನು ಪರೀಕ್ಷಿಸಿತ್ತು ಎಂಬುದು ತಿಳಿಯದೆ ಅದರಿಂದ ಏನನ್ನೂ ತೀರ್ಮಾನಿಸಲಾಗದು. ನೋಂದಣಿ ಬೇರೆ, ತಳಿ ಮುಂದುವರಿಸಲು ಕೊಡುವ ಅನುಮತಿ ಬೇರೆ. ಕೆಲವು ದೇಶಗಳಲ್ಲಿ ಅನುಮತಿಯಿಲ್ಲದ ಗಂಡಿನ ಮರಿಗಳಿಗೆ ಪೂರ್ಣ ನೋಂದಣಿಯೇ ಸಿಗುವುದಿಲ್ಲ. ಇನ್ನು ಕೆಲವು ದೇಶಗಳಲ್ಲಿ ಅಂಥ ಅನುಮತಿಯ ಪದ್ಧತಿಯೇ ಇಲ್ಲ.

ಅತ್ಯಂತ ಬಿಗಿಯಾದ ಪದ್ಧತಿ ಜರ್ಮನಿಯದು. ಅಲ್ಲಿ ನಿಯಮ ಮಾಡುವುದು ಆಯಾ ತಳಿಯ ಸಂಘ. ಜರ್ಮನ್ ಶೆಫರ್ಡ್‌ಗಳ ಹೊಣೆ 1899ರಲ್ಲಿ ಸ್ಥಾಪನೆಯಾದ ಎಸ್‌ವಿ ಎಂಬ ಸಂಘದ್ದು. ಗಂಡು ನಾಯಿಗೆ ಎರಡು ವರ್ಷ ತುಂಬಿರಬೇಕು, ಸೊಂಟದ ಕೀಲು ಮತ್ತು ಮುಂಗಾಲಿನ ಮೊಣಕೈ ಕೀಲುಗಳ ಎಕ್ಸ್‌ರೇ ಆಗಿರಬೇಕು, ಡಿಎನ್‌ಎ ದಾಖಲಾಗಿರಬೇಕು, ವಾಸನೆ ಹಿಡಿಯುವುದು, ಆಜ್ಞಾಪಾಲನೆ ಮತ್ತು ರಕ್ಷಣೆ ಸೇರಿದ ಐಜಿಪಿ ಪರೀಕ್ಷೆಯಲ್ಲೋ ಕುರಿ ಕಾಯುವ ಪರೀಕ್ಷೆಯಲ್ಲೋ ಪಾಸಾಗಿರಬೇಕು, ಸೈಕಲ್ಲಿನ ಪಕ್ಕದಲ್ಲಿ 20 ಕಿಲೋಮೀಟರ್ ಓಡುವ ಎಡಿ ಎಂಬ ಸಹನಶಕ್ತಿಯ ಪರೀಕ್ಷೆಯನ್ನೂ ಮುಗಿಸಿರಬೇಕು. ಇದರ ಮೇಲಿನ ಹಂತ ಕ್ಯೊರುಂಗ್. ಇದರಲ್ಲಿ ತೀರ್ಪುಗಾರರು ನಾಯಿಯ ಎತ್ತರವನ್ನು ಅಳೆದು (ಗಂಡಿಗೆ 60ರಿಂದ 65 ಸೆಂಟಿಮೀಟರ್), ಅದರ ಧೈರ್ಯವನ್ನು ಪರೀಕ್ಷಿಸಿ, ಎಂಥ ಹೆಣ್ಣಿಗೆ ಅದು ಹೊಂದುತ್ತದೆ ಎಂಬುದನ್ನೂ ಬರೆದುಕೊಡುತ್ತಾರೆ. ಹಳೆಯ ಪೇಪರ್‌ಗಳಲ್ಲಿ ಹೆಸರಿನ ಪಕ್ಕ ಕಾಣುವ ‘ಎಸ್‌ಸಿಎಚ್ಎಚ್ 3’, ‘ಕೆಕೆಎಲ್ 1’ ಎಂಬ ಗುರುತುಗಳು ಈ ಪರೀಕ್ಷೆಗಳ ಫಲಿತಾಂಶಗಳೇ. ಅಜ್ಜ, ಮುತ್ತಜ್ಜರ ಹೆಸರಿನ ಮುಂದೆ ಅವು ಇದ್ದು, ನಿಮ್ಮ ಮುಂದೆ ನಿಂತಿರುವ ನಾಯಿಯ ಹೆಸರಿನ ಮುಂದೆ ಏನೂ ಇಲ್ಲದಿದ್ದರೆ, ಪರೀಕ್ಷೆ ನಿಂತುಹೋದದ್ದು ಯಾವ ತಲೆಮಾರಿನಲ್ಲಿ ಎಂದು ಮಾಲೀಕರನ್ನು ನೇರವಾಗಿ ಕೇಳಿರಿ.

ಫ್ರಾನ್ಸಿನ ದಾರಿ ಬೇರೆ. ಅಲ್ಲಿ ಮರಿಗೆ ಮೊದಲು ತಾತ್ಕಾಲಿಕ ನೋಂದಣಿ ಸಿಗುತ್ತದೆ. ತಳಿಗೆ ಅನುಗುಣವಾಗಿ 10, 12 ಅಥವಾ 15 ತಿಂಗಳು ತುಂಬಿದ ಮೇಲೆ ಪರೀಕ್ಷಕರೊಬ್ಬರು ಅದನ್ನು ನೋಡಿ ದೃಢೀಕರಿಸಿದರೆ ಮಾತ್ರ ಅದರ ಸಂತತಿಗೆ ಎಲ್‌ಒಎಫ್ ಎಂಬ ವಂಶಗ್ರಂಥದಲ್ಲಿ ಜಾಗ ಸಿಗುತ್ತದೆ. ಫಿನ್ಲೆಂಡಿನಲ್ಲಿ ತಳಿಗೊಂದು ಆರೋಗ್ಯ ಕಾರ್ಯಕ್ರಮವಿದ್ದು, ಪೆವಿಸಾ ಎಂದು ಕರೆಯುವ ಅದರಲ್ಲಿ ಕೆಲವು ತಳಿಗಳಿಗೆ ಪರೀಕ್ಷೆಯ ಫಲಿತಾಂಶ ದಾಖಲಾಗಿದ್ದರೆ ಸಾಕು, ಇನ್ನು ಕೆಲವಕ್ಕೆ ಫಲಿತಾಂಶವು ನಿಗದಿತ ಮಿತಿಯೊಳಗೇ ಇರಬೇಕು. ನಾರ್ವೆಯಲ್ಲಿ ಈ ವಿಷಯ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತು: ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ತಳಿಯನ್ನು ಈಗಿನಂತೆಯೇ ಬೆಳೆಸುತ್ತ ಹೋಗುವುದು ಪ್ರಾಣಿ ಕಲ್ಯಾಣ ಕಾಯ್ದೆಗೆ ವಿರುದ್ಧವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು.

ಬ್ರಿಟನ್ ಮತ್ತು ಅಮೆರಿಕದ ಪೇಪರ್‌ಗಳನ್ನು ಓದುವಾಗ ಎಚ್ಚರ ಹೆಚ್ಚು ಬೇಕು, ಏಕೆಂದರೆ ನಮ್ಮವರು ಅವುಗಳ ಮೇಲಿಡುವ ಭರವಸೆಯೂ ಹೆಚ್ಚು. ಲಂಡನ್ನಿನ ಕೆನಲ್ ಕ್ಲಬ್ 1873ರಷ್ಟು ಹಳೆಯದಾದರೂ, ಅಮೆರಿಕನ್ ಕೆನಲ್ ಕ್ಲಬ್ 1884ರದಾದರೂ, ಇವೆರಡೂ ಮುಖ್ಯವಾಗಿ ವಂಶವನ್ನು ದಾಖಲಿಸುವ ಸಂಸ್ಥೆಗಳೇ ಹೊರತು ಗಂಡು ನಾಯಿಯನ್ನು ಪರೀಕ್ಷಿಸಿ ಅನುಮತಿ ಕೊಡುವ ಸಂಸ್ಥೆಗಳಲ್ಲ. ಅಮೆರಿಕದಲ್ಲಿ ಏಳು ತಿಂಗಳು ತುಂಬಿದ ಗಂಡಿನ ಮರಿಗಳೂ ನೋಂದಣಿಯಾಗಬಲ್ಲವು. ಬ್ರಿಟನ್ನಿನಲ್ಲಿ ತಂದೆ–ಮಗಳು, ತಾಯಿ–ಮಗ, ಒಡಹುಟ್ಟಿದವುಗಳ ಮರಿಗಳನ್ನು 2009ರಿಂದ ನೋಂದಾಯಿಸುತ್ತಿಲ್ಲ ಎಂಬುದು ನಿಜ. ಆದರೆ ಎಕ್ಸ್‌ರೇ ಮಾಡಿಸುವುದು ಬಹುಮಟ್ಟಿಗೆ ಸಾಕಿದವರ ವಿವೇಕಕ್ಕೆ ಬಿಟ್ಟದ್ದು. ಅಲ್ಲಿ ಒಳ್ಳೆಯ ತಳಿಗಾರರು ಎಲ್ಲ ಪರೀಕ್ಷೆಗಳನ್ನೂ ತಾವಾಗಿಯೇ ಮಾಡಿಸುತ್ತಾರೆ. ಹಾಗಾಗಿ ಅಲ್ಲಿಂದ ಬಂದ ನಾಯಿಯ ವಿಷಯದಲ್ಲಿ ವಂಶಾವಳಿಗಿಂತ ಆರೋಗ್ಯದ ಪ್ರಮಾಣಪತ್ರಗಳನ್ನೇ ಮೊದಲು ಕೇಳಬೇಕು. ಮರಿಯನ್ನು ಮಾರಿದವರು ‘ಇದರ ಸಂತತಿ ನೋಂದಣಿಗೆ ಅರ್ಹವಲ್ಲ’ ಎಂಬ ಷರತ್ತು ಹಾಕಿದ್ದಾರೆಯೇ ಎಂಬುದನ್ನೂ ಪೇಪರಿನಲ್ಲೇ ನೋಡಿಕೊಳ್ಳಿರಿ.

ಸೊಂಟದ ಕೀಲಿನ ಫಲಿತಾಂಶವನ್ನು ಒಂದೊಂದು ಕಡೆ ಒಂದೊಂದು ರೀತಿಯಲ್ಲಿ ಬರೆಯುತ್ತಾರೆ. ಕೆನಲ್ ಕ್ಲಬ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಪದ್ಧತಿಯಲ್ಲಿ ಎ ಯಿಂದ ಇ ವರೆಗೆ ಐದು ದರ್ಜೆಗಳಿದ್ದು, ಎ ಅತ್ಯುತ್ತಮ. ಜರ್ಮನ್ ಶೆಫರ್ಡ್ ಸಂಘ ತನ್ನ ಪೇಪರಿನಲ್ಲಿ ‘ನಾರ್ಮಲ್’, ‘ಫಾಸ್ಟ್ ನಾರ್ಮಲ್’ (ಬಹುತೇಕ ನಾರ್ಮಲ್), ‘ನೊಖ್ ತ್ಸುಗೆಲಾಸೆನ್’ (ಇನ್ನೂ ಅನುಮತಿಯುಂಟು) ಎಂದು ಬರೆಯುತ್ತದೆ. ಮೂರನೆಯದು ಸಿ ದರ್ಜೆಗೆ ಸಮ, ಅಂದರೆ ಅನುಮತಿಯ ಕೊನೆಯ ಅಂಚು. ಬ್ರಿಟನ್ನಿನಲ್ಲಿ ಒಂದೊಂದು ಕೀಲಿಗೆ 0ಯಿಂದ 53ರವರೆಗೆ ಅಂಕ ಕೊಟ್ಟು ಎರಡನ್ನೂ ಕೂಡಿಸುತ್ತಾರೆ; ಅಲ್ಲಿ ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ‘ಎಂಬತ್ತು ಅಂಕ ಬಂದಿದೆ’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಆ ನಾಯಿಯನ್ನು ಮೇಟಿಂಗ್‌ಗೆ ಬಳಸಲೇಬಾರದು. ಅಮೆರಿಕದ ಒಎಫ್‌ಎ ಸಂಸ್ಥೆ ನಾಯಿಗೆ 24 ತಿಂಗಳು ತುಂಬುವ ಮೊದಲು ಅಂತಿಮ ದರ್ಜೆ ಕೊಡುವುದಿಲ್ಲ. ಅದಕ್ಕೂ ಮುಂಚಿನದು ಪ್ರಾಥಮಿಕ ವರದಿ ಮಾತ್ರ.

ಇನ್ನು ನಮ್ಮ ದೇಶದ ಮಾತು. ಚೆನ್ನೈನಲ್ಲಿ ಕೇಂದ್ರ ಕಚೇರಿಯಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ಪೇಪರ್ ನಾಯಿಯ ವಂಶಕ್ಕೆ ಸಾಕ್ಷಿ. ಅದನ್ನೇ ಆರೋಗ್ಯದ ಖಾತರಿಯೆಂದು ಭಾವಿಸಬಾರದು. ಇದರ ಜೊತೆಗೆ ಕಾನೂನೂ ಇದೆ. ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ಕುರಿತ 2017ರ ಕೇಂದ್ರ ನಿಯಮಗಳ ಪ್ರಕಾರ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಗಂಡು, ಹೆಣ್ಣು ಎರಡಕ್ಕೂ 18 ತಿಂಗಳು ತುಂಬಿ, ಪಶುವೈದ್ಯರಿಂದ ಆರೋಗ್ಯದ ಪ್ರಮಾಣಪತ್ರ ದೊರೆತಿರಬೇಕು. ಹೆಣ್ಣಿನಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಪಡೆಯುವಂತಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ರಾಟ್‌ವೀಲರ್ ಸೇರಿದಂತೆ 23 ತಳಿಗಳನ್ನು ನಿಷೇಧಿಸಲು ಹೊರಟ 2024ರ ಮಾರ್ಚಿನ ಕೇಂದ್ರ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ರದ್ದುಪಡಿಸಿತು.

ಇಷ್ಟನ್ನು ತಿಳಿದುಕೊಂಡು ಗಂಡು ನೋಡಲು ಹೋದಾಗ ಮೊದಲು ಮೈಕ್ರೋಚಿಪ್ ಓದಿಸಿರಿ. ರೀಡರ್ ಇರುವ ಪಶುವೈದ್ಯರ ಬಳಿಗೆ ನಾಯಿಯನ್ನು ಕರೆತರುವಂತೆ ಕೇಳಿ, ಕುತ್ತಿಗೆ ಮತ್ತು ಭುಜಗಳ ಮೇಲೆ ರೀಡರ್ ಆಡಿಸಿದಾಗ ಪರದೆಯ ಮೇಲೆ ಮೂಡುವ 15 ಅಂಕಿಗಳನ್ನು ಪೇಪರಿನಲ್ಲಿರುವ ಅಂಕಿಗಳೊಂದಿಗೆ ಒಂದೊಂದಾಗಿ ತಾಳೆ ನೋಡಿರಿ. ಒಂದು ಅಂಕಿ ಹೊಂದದಿದ್ದರೂ ಆ ಪೇಪರ್ ಆ ನಾಯಿಯದಲ್ಲ. ಆಮೇಲೆ ಎಕ್ಸ್‌ರೇ ವರದಿ ಕೇಳಿರಿ. ಇಲ್ಲದಿದ್ದರೆ ಮೇಟಿಂಗ್‌ಗೆ ಮೊದಲು ಮಾಡಿಸಲು ಮಾಲೀಕರನ್ನು ಒಪ್ಪಿಸಿರಿ. ನಾಯಿಗೆ ಮಂಪರು ಬರಿಸುವ ಔಷಧ ಕೊಟ್ಟು, ಹಿಂಗಾಲುಗಳನ್ನು ನೇರವಾಗಿ ಚಾಚಿ ತೆಗೆದ ಚಿತ್ರವೇ ಬೇಕಾಗುತ್ತದೆ. ಆ ಸೌಲಭ್ಯ ಜಿಲ್ಲಾ ಕೇಂದ್ರದಲ್ಲಿ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಬ್ರೂಸೆಲ್ಲಾ ರಕ್ತಪರೀಕ್ಷೆ ಎರಡೂ ನಾಯಿಗಳಿಗೆ ಆಗಲೇಬೇಕು, ಏಕೆಂದರೆ ಆ ರೋಗ ಗರ್ಭಪಾತಕ್ಕೆ ಕಾರಣವಾಗುವುದಲ್ಲದೆ ಮನುಷ್ಯರಿಗೂ ಹರಡಬಲ್ಲದು. ಇಷ್ಟೆಲ್ಲ ಬೆದೆ ಬಂದ ಮೇಲೆ ಆಗುವ ಕೆಲಸವಲ್ಲ. ಎರಡು ಮೂರು ತಿಂಗಳು ಮೊದಲೇ ಶುರು ಮಾಡಬೇಕು.

ಕೊನೆಗೆ ಕರಾರು. ನಮ್ಮ ಕಡೆ ಹಣದ ಬದಲು ಒಂದು ಮರಿ ಕೊಡುವ ಬಾಯಿಮಾತಿನ ಒಪ್ಪಂದವೇ ಹೆಚ್ಚು, ಜಗಳಗಳೂ ಅಲ್ಲಿಂದಲೇ ಹುಟ್ಟುತ್ತವೆ. ಮರಿಯನ್ನು ಆರಿಸುವವರು ಯಾರು, ಎಷ್ಟನೆಯ ವಾರದಲ್ಲಿ, ಹೆಣ್ಣು ಗಬ್ಬವಾಗದಿದ್ದರೆ ಮುಂದೇನು ಎಂಬುದೆಲ್ಲವನ್ನೂ ಮೇಟಿಂಗ್‌ಗೆ ಮೊದಲೇ ಬರೆದುಕೊಂಡು ಇಬ್ಬರೂ ಸಹಿ ಹಾಕಿರಿ. ಮೇಟಿಂಗ್ ಆದ ದಿನವೇ ದಿನಾಂಕ ಮತ್ತು ಎರಡೂ ನಾಯಿಗಳ ನೋಂದಣಿ ಸಂಖ್ಯೆಗಳೊಂದಿಗೆ ಗಂಡಿನ ಮಾಲೀಕರ ಸಹಿಯನ್ನೂ ಪಡೆದುಕೊಳ್ಳಿರಿ. ಎಫ್‌ಸಿಐ ನಿಯಮದಂತೆ ಮರಿಗಳು ನೋಂದಣಿಯಾಗುವುದು ಸಾಮಾನ್ಯವಾಗಿ ತಾಯಿಯ ಮಾಲೀಕರು ವಾಸಿಸುವ ದೇಶದಲ್ಲಿ. ಹೀಗಾಗಿ ಗಂಡು ಎಲ್ಲಿಂದಲೇ ಬಂದಿರಲಿ, ನೋಂದಣಿಯ ಅರ್ಜಿಯನ್ನು ಗಡುವಿನೊಳಗೆ ಚೆನ್ನೈಗೆ ತಲುಪಿಸುವ ಹೊಣೆ ಹೆಣ್ಣು ನಾಯಿ ಸಾಕಿದ ನಿಮ್ಮದೇ ಆಗಿರುತ್ತದೆ.