ಆನೆ ಬಂತು ಅಂದುಕೊಂಡ ರಾತ್ರಿ

ನವೆಂಬರ್ ಮೊದಲ ವಾರ, ಕೈಯಲ್ಲಿದ್ದದ್ದು ಶನಿವಾರ ಭಾನುವಾರ ಎರಡೇ ದಿನ. ಸಕಲೇಶಪುರದಲ್ಲಿ ಅಷ್ಟಗಲ ಹರಿಯುವ ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುತ್ತಾಳೆ. ಆ ಜಾಗ ನೋಡಬೇಕು, ನಡುವೆ ಒಂದು ರಾತ್ರಿ ಟೆಂಟ್‌ನಲ್ಲಿ ಮಲಗಬೇಕು. ಇಷ್ಟೇ ಪ್ಲಾನ್.

ಬೈಕಿಗೆ ಸಾಮಾನು ಕಟ್ಟುವುದರಲ್ಲಿ ಹಿಂದೆ ಒಮ್ಮೆ ಪೆಟ್ಟು ತಿಂದಿದ್ದೆ. ಕೊಕ್ಕೆ ಇರುವ ಹಗ್ಗ ಹಂಪ್ ಹಾರಿದಾಗ ಬಿಚ್ಚಿಕೊಂಡು ಸ್ಲೀಪಿಂಗ್ ಬ್ಯಾಗ್ ರಸ್ತೆಪಾಲಾಗಿತ್ತು. ಈ ಸಲ ಪಂಕ್ಚರ್ ಅಂಗಡಿಯಿಂದ ಹಳೇ ಟ್ಯೂಬ್ ತಂದು ಉದ್ದಕ್ಕೆ ಸೀಳಿ ಕಟ್ಟಿದೆ. ಜಗ್ಗಲಿಲ್ಲ, ಜಾರಲಿಲ್ಲ. ಸ್ಟೌ, ಪಾತ್ರೆಯಂಥ ಭಾರದ್ದೆಲ್ಲ ಕೆಳಗೆ, ಟೆಂಟ್ ಮೇಲೆ.

ಬೆಳಗಿನ ಜಾವ ನೆಲಮಂಗಲ ದಾಟಿದವನು ಹಾಸನದಲ್ಲಿ ತಿಂಡಿ ತಿಂದು ಸಕಲೇಶಪುರ ಸೇರಿದೆ. ಬೆಂಗಳೂರಿನಿಂದ ಸುಮಾರು 220 ಕಿ.ಮೀ. ಹೆದ್ದಾರಿ ಬಗ್ಗೆ ಹೇಳೋಕೆ ಏನೂ ಇಲ್ಲ. ಮೂಡಿಗೆರೆ ಕಡೆ ತಿರುಗಿದ ಮೇಲೆ ಗಾಡಿ ತಾನಾಗೇ ನಿಧಾನ ಆಯ್ತು. ಸಿಲ್ವರ್ ಓಕ್ ಮರಗಳು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ನಡುನಡುವೆ ತೆನೆ ಬಿಟ್ಟ ಗದ್ದೆ.

ಕಾಡಲ್ಲಿ ಅನುಮತಿ ಇಲ್ಲದೆ ಟೆಂಟ್ ಹಾಕುವ ಹಾಗಿಲ್ಲ. ಅದಕ್ಕೇ ಗೆಳೆಯನ ದೊಡ್ಡಪ್ಪನ ತೋಟಕ್ಕೆ ಹೇಳಿಟ್ಟಿದ್ದೆ. ನನ್ನ ಕಣ್ಣು ಗದ್ದೆ ಬದಿಯ ಹುಲ್ಲಿನ ಮೇಲೆ. ಫೋಟೋ ಚೆನ್ನಾಗಿ ಬರುತ್ತೆ ಅಲ್ವಾ!

"ಅಲ್ಲಿ ಬ್ಯಾಡ ಮಾರಾಯ್ರೆ. ಭತ್ತ ತಿನ್ನೋಕೆ ಆನೆ ಬಂದ್ರೆ ಏನ್ ಮಾಡ್ತೀರಿ? ಕಣದ ಮೇಲೆ ಹಾಕ್ಕೊಳಿ" ಅಂದರು ದೊಡ್ಡಪ್ಪ.

ಕಾಫಿ ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಅದನ್ನು ಒಣಗಿಸುವ ಕಣ ಖಾಲಿ ಇತ್ತು. ಆದರೆ ಸಿಮೆಂಟಿಗೆ ಗೂಟ ಹೊಡೆಯೋದು ಹೇಗೆ? ನಾಲ್ಕು ದಪ್ಪ ಕಲ್ಲು ಹೊತ್ತು ತಂದು ಮೂಲೆಗಳ ದಾರ ಕಟ್ಟಿದೆ. ಇಷ್ಟಕ್ಕೇ ಅರ್ಧ ಗಂಟೆ. ಬೈಕನ್ನು ಮಾತ್ರ ಸುಮ್ನೆ ಪಕ್ಕದ ಮಣ್ಣಿನ ಮೇಲೆ ಸೈಡ್ ಸ್ಟ್ಯಾಂಡ್ ಹಾಕಿ ಬಿಟ್ಟೆ.

ರಾತ್ರಿ ಎರಡರ ಸುಮಾರಿಗೆ 'ಧಡ್' ಅಂತ ಸದ್ದು. ತಲೆಯಲ್ಲಿ ಇದ್ದದ್ದು ಆನೆ ಒಂದೇ. ಚಪ್ಪಲಿ ಕೂಡ ಹಾಕದೆ ಜಗಲಿಗೆ ಓಡಿದೆ. ದೊಡ್ಡಪ್ಪ ಟಾರ್ಚ್ ಹಿಡಿದು ಬಂದರು. ಬೆಳಕು ಬಿಟ್ಟರೆ, ಬೈಕ್ ಎಡಕ್ಕೆ ಮಲಗಿದೆ. ಸಂಜೆ ಬಿದ್ದ ತುಂತುರು, ಇಬ್ಬನಿ ಸೇರಿ ಮಣ್ಣು ಮೆತ್ತಗಾಗಿ ಸ್ಟ್ಯಾಂಡು ನಾಲ್ಕು ಬೆರಳು ಹೂತುಹೋಗಿತ್ತು. ಪೆಟ್ರೋಲ್ ವಾಸನೆ. ಕ್ಲಚ್ ಲಿವರ್ ಅರ್ಧಕ್ಕೆ ಮುರಿದಿತ್ತು.

ಇಬ್ಬರೂ ಸೇರಿ ಎತ್ತಿದೆವು. ಅವರು ಸೌದೆ ರಾಶಿಯಿಂದ ಒಂದು ಹಲಗೆ ತುಂಡು ತಂದು ಸ್ಟ್ಯಾಂಡಿನ ಕೆಳಗಿಟ್ಟರು. "ಇನ್ನು ಆನೆ ಬರಲ್ಲ, ಮಲ್ಕೊಳಿ" ಅಂದು ನಗುತ್ತಾ ಒಳಗೆ ಹೋದರು.

ಟೆಂಟಿನೊಳಗೆ ಇನ್ನೊಂದು ಕಥೆ. ಚಳಿ ಅಂತ ಕಿಟಕಿ ಎಲ್ಲ ಮುಚ್ಚಿದ್ದೆ. ನನ್ನ ಉಸಿರೇ ನೀರಾಗಿ ಮೇಲಿನಿಂದ ಮೂಗಿನ ಮೇಲೆ ತೊಟ್ಟಿಕ್ಕುತ್ತಿತ್ತು. ಎರಡೂ ಕಡೆ ಒಂದು ಗೇಣು ತೆರೆದ ಮೇಲೆ ನಿಂತಿತು.

ಬೆಳಗ್ಗೆ ಮುರುಕು ಲಿವರನ್ನು ಎರಡು ಬೆರಳಲ್ಲಿ ಒತ್ತುತ್ತಾ ಜಾವಳಿಗೆ ಹೋದೆ. ಇಂಬಳಕ್ಕೆ (ಜಿಗಣೆಗೆ) ಅಂತ ಒಯ್ದಿದ್ದ ಉಪ್ಪಿನ ಪೊಟ್ಟಣ ಅಲ್ಲಿ ಕೆಲಸಕ್ಕೆ ಬಂತು. ಗಣಪತಿ ಗುಡಿ ಹತ್ತಿರ ಪುಟ್ಟದೊಂದು ಕೊಳ. ನಿನ್ನೆ ಸೇತುವೆ ಮೇಲೆ ನಿಂತು ನೋಡಿದ ಹೊಳೆ ಇದೇನಾ ಅನ್ನಿಸಿತು. ಗಾಡಿ ನಿಲ್ಲಿಸಿದ ಜಾಗ ಒದ್ದೆ ಇತ್ತು. ಬ್ಯಾಗಿನಿಂದ ಹಲಗೆ ತೆಗೆದೆ.